ಡೀಸೆಲ್ ಟ್ಯಾಂಕಿಗೆ ಹಾಕಿದ ಬೀಗ

ಎಂಜಿನ್ ತಾನು ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ತಾನೇ ಮತ್ತೆ ಕುಡಿಯುತ್ತದೆ ಎಂದು ಮೊದಲ ಸಲ ಕೇಳಿದಾಗ ನನಗೆ ಅಸಹ್ಯವಾಯಿತು. ಅಡುಗೆಯವಳು ನಾನು. ತಟ್ಟೆಯಲ್ಲಿ ಉಳಿದ ಎಂಜಲನ್ನು ಮತ್ತೆ ಪಾತ್ರೆಗೆ ಸುರಿಯುವವರನ್ನು ನಮ್ಮ ಕಡೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಅಂಥದ್ದರಲ್ಲಿ ಹೊಸ ಡೀಸೆಲ್ ವ್ಯಾನಿನೊಳಗೆ ತಯಾರಿಸಿದವರೇ ಒಂದು ಕೊಳವೆ ಇಟ್ಟು, ಎಂಜಿನ್ನಿಗೆ ಅದರ ಎಂಜಲನ್ನೇ ಉಣಿಸುತ್ತಾರಂತೆ. ಊರಿನ ಗಾಳಿ ಕೆಡದಿರಲಿ ಎಂದು ಮಾಡಿದ ಏರ್ಪಾಡು, ಅದಕ್ಕೆ ಇಜಿಆರ್ ಎಂದು ಹೆಸರು. ಕೊಳವೆಯ ಬಾಯಲ್ಲಿ ಒಂದು ವಾಲ್ವ್ ಇರುತ್ತದೆ. ಎಷ್ಟು ಹೊಗೆ ಬೇಕೋ ಅಷ್ಟಕ್ಕೆ ತೆರೆದು ಮುಚ್ಚಿಕೊಳ್ಳುತ್ತದೆ. ಮಸಿ ಕಟ್ಟಿ ಅದು ತೆರೆದೇ ಉಳಿದರೆ ಎಂಜಿನ್ನಿಗೆ ಒಳ್ಳೆಯ ಗಾಳಿ ಸಾಲದೆ ಕರಿಹೊಗೆ ಕಾರುತ್ತದೆ, ಎಳೆಯುವ ಶಕ್ತಿ ಹೋಗುತ್ತದೆ. ಇಷ್ಟೇ ವಿಷಯ. ಈ ಇಷ್ಟನ್ನು ನನಗೆ ಸಮಯಕ್ಕೆ ಸರಿಯಾಗಿ ಯಾರೂ ನೆಟ್ಟಗೆ ಹೇಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಮದ್ರಾಸಿಗೆ ವರ್ಗವಾಯಿತು. ಮಂಡ್ಯದ ಕಡೆಯಿಂದ ಬಂದು ಕ್ರೋಂಪೇಟೆಯಲ್ಲಿ ಮನೆ ಮಾಡಿದೆವು. ನುಂಗಂಬಾಕ್ಕಂನ ಬ್ಯಾಂಕು, ಇನ್ಶೂರೆನ್ಸ್ ಆಫೀಸುಗಳಲ್ಲಿ ನಮ್ಮವರು ಒಂದಷ್ಟು ಜನರಿದ್ದರು. ಇಲ್ಲಿನ ಸಾಂಬಾರು ತಿಂದು ನಾಲಿಗೆ ಜಡ್ಡಾಗಿದೆ, ಒಂದು ಹುಳಿ, ಒಂದು ಪಲ್ಯ ಮಾಡಿ ಕಳಿಸಿ ಎಂದು ದುಂಬಾಲು ಬಿದ್ದರು. ಆರು ಕ್ಯಾರಿಯರು ಲೋಕಲ್ ರೈಲಿನಲ್ಲಿ ಹೋಗುತ್ತಿದ್ದದ್ದು ನಾಲ್ಕೈದು ವರ್ಷದಲ್ಲಿ ದೊಡ್ಡ ದೊಡ್ಡ ಡಬರಿಗಳಾದವು. ಆಗ ವ್ಯಾನು ಬಂತು. ವ್ಯಾನಿನ ಜೊತೆಗೆ ಡ್ರೈವರ್ ಬಂದರು.

ಅವರು ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಕ್ರೋಂಪೇಟೆಯಲ್ಲೇ ಹುಟ್ಟಿ ಬೆಳೆದ ತಮಿಳರು. ನಾನು ಅಣ್ಣ ಎನ್ನುತ್ತಿದ್ದೆ, ಅವರು ಅಮ್ಮಾ ಎನ್ನುತ್ತಿದ್ದರು. ಅವರದು ತಮಿಳು, ನನ್ನದು ಅರ್ಧ ಕನ್ನಡ ಅರ್ಧ ಕೇಳಿ ಕಲಿತ ತಮಿಳು. ಬೆಳಿಗ್ಗೆ ಹತ್ತೂವರೆಗೆ ಡಬರಿ ಏರಿಸುವ ಮೊದಲು ಅಡುಗೆಮನೆಯಲ್ಲೇ ಅವರಿಗೆ ಮೊದಲ ತಟ್ಟೆ ಬಡಿಸುತ್ತಿದ್ದೆ. ಒಂದು ತುತ್ತು ಬಾಯಿಗಿಟ್ಟು ದಿನವೂ ಅದೇ ತೀರ್ಪು ಕೊಡುತ್ತಿದ್ದರು.

"ವೆಲ್ಲಂ ಜಾಸ್ತಿಮ್ಮಾ."

"ಬೆಲ್ಲ ಹಾಕ್ದಿದ್ರೆ ಅದು ಹುಳೀನೇ ಅಲ್ಲ ಕಣಣ್ಣ, ಸುಮ್ನೆ ಊಟ ಮಾಡಿ" ಎನ್ನುತ್ತಿದ್ದೆ. ಎರಡನೇ ಸಲ ಹುಳಿಗೇ ಕೈ ಚಾಚುತ್ತಿದ್ದರು.

ವ್ಯಾನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಸಲ ಕಾಯಿಲೆ ಬಂತು. ಸಿಗ್ನಲ್ಲಿನಲ್ಲಿ ನಿಂತರೆ ಗಡಗಡ ನಡುಗುವುದು, ಹೊರಟರೆ ಹಿಂದಿನ ಸ್ಕೂಟರಿನವನ ಮುಖಕ್ಕೆ ಮಸಿ ಬಳಿಯುವಷ್ಟು ಹೊಗೆ, ಮೇಲ್ಸೇತುವೆ ಹತ್ತುವಾಗ ಏದುಸಿರು. ಮಾರಿದವರದೇ ಸರ್ವಿಸ್ ಸೆಂಟರಿಗೆ ಕೊಟ್ಟೆವು. ಅಲ್ಲಿ ಟೈ ಕಟ್ಟಿದ ಒಬ್ಬ ಅಡ್ವೈಸರ್ ಇದ್ದ. ಎರಡು ದಿನ ಇಟ್ಟುಕೊಂಡು, ಇಜಿಆರ್ ವಾಲ್ವ್ ಮಸಿ ಕಟ್ಟಿತ್ತು, ಬಿಚ್ಚಿ ಕ್ಲೀನ್ ಮಾಡಿದ್ದೇವೆ ಎಂದು ಹೇಳಿ ಕಳಿಸಿದ. ಗಾಡಿ ಹೊಸದರಂತೆ ಓಡಿತು. ಭೇಷ್ ಎಂದುಕೊಂಡೆವು.

ಏಳೆಂಟು ತಿಂಗಳಾದ ಮೇಲೆ ಅದೇ ಹೊಗೆ, ಅದೇ ನಡುಕ. ಈ ಸಲ ಇನ್ನೊಂದು ಹೊಸ ಲಕ್ಷಣವೂ ಸೇರಿತ್ತು. ಎಂಜಿನ್ ಹತ್ತಿರ ಉಸ್ಸೆಂದು ಸದ್ದು, ಕುಕ್ಕರಿನ ಹಾಗೆ ಎಲ್ಲಿಂದಲೋ ಆವಿ ಸೋರುತ್ತಿದೆ ಎಂದು ಡ್ರೈವರ್ ನನಗೆ ಎರಡು ಸಲ ಹೇಳಿದರು. ಏರ್ ಫಿಲ್ಟರನ್ನು ಅವರೇ ಬಿಚ್ಚಿ ಬದಲಾಯಿಸಿದ್ದರು. ಬಂಕಿನ ಡೀಸೆಲನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು, ನೀರು ಗೀರು ಇದೆಯೇ ಎಂದು ಒಂದು ದಿನ ಕಿಟಕಿಯಲ್ಲಿ ಇಟ್ಟು ನೋಡಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಹೇಗೆ ಸದ್ದು ಬರುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟೈ ಕಟ್ಟಿದವನನ್ನೇ ಕೇಳೋಣ ಎಂದು ಹೊರಟೆ.

ಅವನು ನನ್ನನ್ನು ಎಸಿ ಹಾಕಿದ ಗಾಜಿನ ಕೋಣೆಯಲ್ಲಿ ಕೂರಿಸಿದ. ಡ್ರೈವರ್ ಹೊರಗೆ ಬಿಸಿಲಿನಲ್ಲಿ ವ್ಯಾನಿನ ಪಕ್ಕ ನಿಂತಿದ್ದರು. ಅಡ್ವೈಸರ್ ಧ್ವನಿ ತಗ್ಗಿಸಿ, "ಮೇಡಂ, ಉಂಗ ಡ್ರೈವರ್ ಡೀಸೆಲ್ ವಿತ್ತುಟ್ಟು ಕೆರೋಸಿನ್ ಕಲಕ್ಕುರಾರು. ಟಿಪಿಕಲ್ ಕೇಸ್" ಎಂದ. ಡೀಸೆಲ್ ಮಾರಿಕೊಂಡು ಸೀಮೆಎಣ್ಣೆ ಬೆರೆಸುತ್ತಾರೆ, ಅದಕ್ಕೇ ವಾಲ್ವ್ ಮತ್ತೆ ಮಸಿ ಕಟ್ಟಿದೆ, ಇಂಥದ್ದಕ್ಕೆ ವಾರಂಟಿ ಬರುವುದಿಲ್ಲ ಎಂದು ಅದರ ಅರ್ಥ. ಬಾನೆಟ್ಟನ್ನೂ ಎತ್ತಿ ನೋಡದೆ ಹೇಳಿದ ಮಾತು ಅದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ನೆಲವನ್ನು ದೂರಿದಳು, ಇವನು ಬಡವನ ಮರ್ಯಾದೆಗೇ ಕೈ ಹಾಕಿದ.

ನಾನಾದರೂ ತಿರುಗಿ ಕೇಳಿದೆನೇ? ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗಾಯಿತು ನನ್ನ ಬುದ್ಧಿ. ಟೈ, ಇಂಗ್ಲಿಷು, ತಣ್ಣನೆ ಕೋಣೆ ಇವಕ್ಕೆ ಮರುಳಾದೆ. ದಾರಿಯಲ್ಲೇ ಒಂದು ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಡೀಸೆಲ್ ಟ್ಯಾಂಕಿಗೆ ಬೀಗವಿರುವ ಮುಚ್ಚಳ ಕೊಂಡೆ. ಡ್ರೈವರ್ ಕೈಯಲ್ಲೇ ಹಾಕಿಸಿದೆ. ಬೀಗದ ಕೈಯನ್ನು ನನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡೆ. ಅಂದಿನಿಂದ ಡೀಸೆಲ್ ಹಾಕಿಸುವ ದಿನ ಅವರು ನಮ್ಮ ಬೀದಿ ಕೊನೆಯ ಬಂಕಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯಬೇಕು, ನಾನು ಕೈ ಒರೆಸಿಕೊಂಡು ನಡೆದುಹೋಗಿ ಬೀಗ ತೆಗೆಯಬೇಕು. ಬಂಕಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿಗೆ ಬರುವ ಮೊದಲಿನಿಂದಲೂ, ಇಪ್ಪತ್ತು ವರ್ಷ ಅದೇ ಬಂಕಿನ ಎದುರು ಗಾಡಿ ಓಡಿಸಿದ ಮನುಷ್ಯ ಅವರು.

ಬೀಗ ಹಾಕಿಯೂ ಹೊಗೆ ನಿಲ್ಲಲಿಲ್ಲ. ಅಷ್ಟರಲ್ಲೇ ನನಗೆ ಬುದ್ಧಿ ಬರಬೇಕಿತ್ತು. ನಾನು ಇನ್ನೊಂದು ದಾರಿ ಯೋಚಿಸಿದೆ, ಬಂಕಿನವರೂ ಇವರೂ ಸೇರಿಕೊಂಡಿರಬೇಕು ಎಂದು. ಅನುಮಾನ ಒಂದು ಸಲ ಒಳಗೆ ಬಂದರೆ ಅದಕ್ಕೆ ಮೇವು ಎಲ್ಲಿಂದಲಾದರೂ ಸಿಗುತ್ತದೆ.

ಕೊನೆಗೆ ಡ್ರೈವರೇ, ಸ್ಟೇಷನ್ ಹಿಂದಿನ ಓಣಿಯಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ನೀವೂ ಬನ್ನಿ, ನಿಮ್ಮ ಎದುರಿಗೇ ಬಿಚ್ಚಿಸೋಣ ಎಂದರು. ಒಂದು ಮಧ್ಯಾಹ್ನ ಊಟ ತಲುಪಿಸಿ ಬಂದ ಮೇಲೆ ಹೋದೆವು. ಮೆಕ್ಯಾನಿಕ್ ಮಾತು ಕಮ್ಮಿಯ ಮನುಷ್ಯ. ಎಂಜಿನ್ ಚಾಲೂ ಮಾಡಿ ಕಿವಿ ಕೊಟ್ಟು ಕೇಳಿದರು. ವಾಲ್ವಿಗೆ ಹೋಗುವ ಸಣ್ಣ ರಬ್ಬರ್ ಪೈಪನ್ನು ಕಿತ್ತು ನೋಡಿದರು, ಎಂಜಿನ್ನಿನ ನಡುಕದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಎಂಜಿನ್ ತಣ್ಣಗಾಗುವ ತನಕ ಕಾದು, ಎರಡು ಬೋಲ್ಟು ಬಿಚ್ಚಿ, ಟಾರ್ಚು ಬಿಟ್ಟು ಇಣುಕಿದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ಅಡಚ್ಚಿರುಕ್ಕುಮ್ಮಾ."

ನನ್ನ ಕನ್ನಡದ ಕಿವಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಡಚಿಕೊಂಡಿದೆ. ಮಸಿ ಅಡಚಿಕೊಂಡಿದೆ. ಟೈ ಕಟ್ಟಿದವನು ಹೇಳಿದ್ದು ನಿಜ.

ತಡೆಹಿಡಿದ ಸಿಟ್ಟೆಲ್ಲ ಅಲ್ಲೇ ಹೊರಬಂತು. ಓಣಿಯ ಜನ ನೋಡುತ್ತಿದ್ದರು, ನನಗೆ ಪರಿವೆಯಿರಲಿಲ್ಲ. ಅದುವರೆಗೆ ಬಾಯಲ್ಲಿದ್ದ ಬಹುವಚನವೂ ಬಿದ್ದುಹೋಯಿತು. "ಕೇಳಿಸ್ಕೊಂಡ್ಯಾ? ಅಡಚ್ಕೊಂಡಿದೆಯಂತೆ. ಸೀಮೆಎಣ್ಣೆ ಕುಡಿಸಿದ್ರೆ ಇನ್ನೇನಾಗುತ್ತೆ? ದಿನಾ ಮೊದಲ್ನೇ ತಟ್ಟೆ ನಿಂಗೇ ಇಟ್ಟೆನಲ್ಲ, ಉಂಡ ಮನೆಗೆ ಎರಡು ಬಗೆದ್ಯಲ್ಲ ನೀನು."

ಅವರಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಏನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ. ಅವರು ವ್ಯಾನಿನ ಕೀಯನ್ನು ಮೆಕ್ಯಾನಿಕ್ಕರ ಮೇಜಿನ ಮೇಲೆ ಇಟ್ಟು, ಸ್ಟೇಷನ್ ಕಡೆಗೆ ನಡೆದುಹೋದರು. ಮೆಕ್ಯಾನಿಕ್ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ, ನಾಳೆ ಬನ್ನಿ ಎಂದರು.

ಸಂಜೆ ಮಗಳು ಎಂಜಿನಿಯರಿಂಗ್ ಕಾಲೇಜಿನಿಂದ ಬಂದಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು ಅವಳು. ಅದಕ್ಕೆ ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ನಡೆದದ್ದನ್ನೆಲ್ಲ ಗೆದ್ದವಳಂತೆ ಹೇಳಿದೆ. ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ಅಮ್ಮಾ, ಅಡಚ್ಚಿರುಕ್ಕುನ್ನಾ ರೆಂಡು ಮೀನಿಂಗ್ ಇರುಕ್ಕು. ನೀ ಎದ ನೆನಚ್ಚೆ?"

"ಎರಡರ್ಥ ಏನು ಬಂತೇ? ಅಡಚ್ಕೊಂಡಿದೆ ಅಂತ ತಾನೇ?"

ತಾನಾಗಿ ಅಡಚಿಕೊಂಡರೂ ಅದೇ ಮಾತು, ಯಾರೋ ಬೇಕೆಂದೇ ಮುಚ್ಚಿದ್ದರೂ ಅದೇ ಮಾತು ಎಂದು ಅವಳು ಬಿಡಿಸಿ ಹೇಳಿದಳು. "ಅವರ್ ಎದ ಸೊನ್ನಾರುನ್ನು ಕೇಟ್ಟಿಯಾ?" ಎಂದಳು. ಯಾವ ಅರ್ಥದಲ್ಲಿ ಹೇಳಿದರು ಎಂದು ಮೆಕ್ಯಾನಿಕ್ಕರನ್ನು ನಾನು ಕೇಳಿರಲಿಲ್ಲ. ಅನ್ನಕ್ಕಿಟ್ಟ ನೀರು ಉಕ್ಕಿ ಒಲೆ ಆರಿತು, ನಾನು ನಿಂತೇ ಇದ್ದೆ.

ಬೆಳಿಗ್ಗೆ ಮೆಕ್ಯಾನಿಕ್ ಒಂದು ತಗಡಿನ ತುಂಡನ್ನು ನನ್ನ ಅಂಗೈಯಲ್ಲಿಟ್ಟರು. ಕತ್ತರಿಯಲ್ಲಿ ಅಡ್ಡಾದಿಡ್ಡಿ ಕತ್ತರಿಸಿದ್ದು, ಬೋಲ್ಟಿಗೆ ಎರಡು ತೂತು, ನಡುವೆ ಸುಟ್ಟು ಬಿದ್ದ ಇನ್ನೊಂದು ತೂತು. ಕೊಳವೆಗೂ ವಾಲ್ವಿಗೂ ಮಧ್ಯೆ ಯಾರೋ ಇದನ್ನು ಇಟ್ಟು ಅಡಚಿದ್ದರು. ವಾಲ್ವ್ ತೆರೆದ ಬಾಯಿಯಲ್ಲೇ ಕೆಟ್ಟು ನಿಂತಿತ್ತು. ಹೊಸದು ಹಾಕುವ ಬದಲು ದಾರಿಯನ್ನೇ ಮುಚ್ಚಿದ್ದರು. ಮುಚ್ಚಿದಷ್ಟು ದಿನ ಹೊಗೆ ಇರಲಿಲ್ಲ. ತೆಳು ತಗಡು ಆ ಬಿಸಿಗೆ ಎಷ್ಟು ದಿನ ತಡೆದೀತು? ತೂತು ಬಿದ್ದ ಮೇಲೆ ಎಂಜಲು ಹೊಗೆ ಹೊತ್ತುಗೊತ್ತಿಲ್ಲದೆ ಒಳಗೆ ನುಗ್ಗಿತು, ಅಂಚಿನಿಂದ ಉಸ್ಸೆಂದು ಸೋರಿತು. ಡ್ರೈವರ್ ಹೇಳಿದ ಕುಕ್ಕರಿನ ಸದ್ದು ಅದೇ. ಬೋಲ್ಟಿನ ಹೊರಗೆ ಉಳಿದಿದ್ದ ಅಂಚಿನಲ್ಲಿ ಒಂದಿಷ್ಟು ನೀಲಿ ಬಣ್ಣ ಸುಡದೆ ಉಳಿದಿತ್ತು. ಆ ನೀಲಿಯನ್ನು ನಾನು ನೋಡಿದ್ದೆ. ಸರ್ವಿಸ್ ಸೆಂಟರಿನ ಗೋಡೆಯುದ್ದಕ್ಕೂ ಜೋಡಿಸಿಟ್ಟ ಗ್ರೀಸ್ ಡಬ್ಬಗಳ ನೀಲಿ ಅದು. ಆ ಸೆಂಟರಿನವರನ್ನು ಬಿಟ್ಟು ಇನ್ನಾರೂ ಆ ವಾಲ್ವನ್ನು ಮುಟ್ಟಿರಲಿಲ್ಲ.

ತಗಡು ಹಿಡಿದುಕೊಂಡು ನೇರ ಅಲ್ಲಿಗೇ ಹೋದೆ. ಗಾಜಿನ ಕೋಣೆಗೆ ಹೋಗಲಿಲ್ಲ. ಜನ ಕಾಯುತ್ತ ಕೂತಿದ್ದ ಕಡೆಯೇ ಆ ಅಡ್ವೈಸರನ್ನು ಕರೆಸಿ ಮೇಜಿನ ಮೇಲೆ ತಗಡು ಇಟ್ಟೆ. ಅವನು ಅದನ್ನು ನೋಡಿದ, ಡಬ್ಬಗಳ ಕಡೆ ನೋಡಿದ. "ವಾಲ್ವ್ ಸ್ಟಾಕ್ ಇರ್ಲಿಲ್ಲ ಮೇಡಂ, ಟೆಂಪರರಿ ಅರೇಂಜ್‌ಮೆಂಟ್" ಎಂದ. ಅವತ್ತು ಮೊದಲ ಸಲ ಅವನ ಬಾಯಲ್ಲಿ ಕನ್ನಡ ಬಂತು. ಬೆಂಗಳೂರಿನ ಹುಡುಗ ಎಂದು ಆಗ ಗೊತ್ತಾಯಿತು. ನನ್ನ ಭಾಷೆಯವನೇ ತಮಿಳಿನಲ್ಲಿ ಸುಳ್ಳು ಹೇಳಿದ್ದ.

"ಕ್ಲೀನ್ ಮಾಡಿದ್ದೀವಿ ಅಂತ ಹೇಳಿದ್ಯಲ್ಲ, ಇದೇನಾ ಕ್ಲೀನು?" ಎಂದೆ. "ವಾಲ್ವು ನಾಳೆ ಹಾಕ್ಸು, ಅದು ಬೇರೆ ಮಾತು. ಈಗ ನನ್ನ ಜೊತೆ ಬಾ. ನಮ್ಮ ಡ್ರೈವರ್ ಹತ್ರ ತಪ್ಪಾಯ್ತು ಅನ್ನು."

ಅವನು ನಕ್ಕ. "ಡ್ರೈವರ್ ಹತ್ರಾನಾ ಮೇಡಂ?"

ಆ ನಗು ನೋಡಿ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾಯಿಗೆ ಬಂದಂತೆ ಬೈದೆ, ಕಾಯುತ್ತಿದ್ದವರೂ ದನಿಗೂಡಿಸಿದರು, ಮ್ಯಾನೇಜರು ಒಳಗಿನಿಂದ ಓಡಿಬಂದು ವಾಲ್ವು ಹಾಕಿಸಿಕೊಡುವುದಾಗಿ ಕೈಮುಗಿದರು. ವಾಲ್ವು ಬಂತು, ಹೊಗೆ ನಿಂತಿತು. ಡ್ರೈವರ್ ಮನೆಗೆ ಮಾತ್ರ ಅಲ್ಲಿಂದ ಯಾರೂ ಬರಲಿಲ್ಲ. ಬೈದು ಮುಗಿಸಿ ಬಿಸಿಲಿಗೆ ಬಂದಾಗ ನನಗೇ ನಾಚಿಕೆಯಾಯಿತು. ಅವನು ಧ್ವನಿ ತಗ್ಗಿಸಿ ಹೇಳಿದ್ದನ್ನು ಓಣಿಯ ತುಂಬ ಕೂಗಿ ಹೇಳಿದವಳು ನಾನು. ಬೀಗ ಹಾಕಿಸಿದವಳೂ ನಾನೇ.

ಅಂದೇ ಸಂಜೆ ಡ್ರೈವರ್ ಮನೆಗೆ ಹೋದೆ. ಬೀಗದ ಕೈಯನ್ನು ಗೊಂಚಲಿನಿಂದ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, "ತಪ್ಪಾಯ್ತು ಅಣ್ಣ. ನನ್ನ ಕಿವೀನೂ ಸರಿ ಇರ್ಲಿಲ್ಲ, ಬುದ್ಧೀನೂ ಸರಿ ಇರ್ಲಿಲ್ಲ. ಇದನ್ನ ನೀವೇ ಇಟ್ಕೊಳಿ" ಎಂದೆ. ಅವರು ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಮೆಕ್ಯಾನಿಕ್ ಆಗಲೇ ಎಲ್ಲ ಹೇಳಿದ್ದರಂತೆ. ನಾಳೆಯಿಂದ ಬರುತ್ತೇನೆ ಎಂದರು. ಬೀಗದ ಕೈಯನ್ನು ಮಾತ್ರ ಮುಟ್ಟಲಿಲ್ಲ. ತಮಿಳಿನಲ್ಲಿ ಅದಕ್ಕೆ ಸಾವಿ ಎನ್ನುತ್ತಾರೆ.

"ಸಾವಿ ನೀಂಗಳೇ ವೆಚ್ಚುಕ್ಕೋಂಗಮ್ಮಾ" ಎಂದರು. ಅದು ನಿಮ್ಮ ಹತ್ತಿರವೇ ಇದ್ದರೆ ನಾಳೆ ಯಾರೂ ಏನೂ ಹೇಳಲಾರರು, ನೀವೂ ಸೇರಿ, ಎಂದು ಮೆಲ್ಲಗೆ ಹೇಳಿದರು.

ಮರುದಿನ ಹತ್ತೂವರೆಗೆ ಸರಿಯಾಗಿ ಬಂದರು. ನಾನು ತಟ್ಟೆ ಹಾಕಿದೆ. ಅವರು ವ್ಯಾನಿನ ಮೆಟ್ಟಿಲ ಮೇಲೆ ಕೂತು, ಮನೆಯಿಂದ ತಂದ ಡಬ್ಬಿ ಬಿಚ್ಚಿದರು. ಮಾತಿನಲ್ಲಿ ಯಾವ ಬಿರುಸೂ ಇರಲಿಲ್ಲ, ಅಮ್ಮಾ ಎನ್ನುವುದನ್ನೂ ಬಿಡಲಿಲ್ಲ. ಒಂದು ವಾರ ತಟ್ಟೆ ಹಾಕಿ ನೋಡಿದೆ, ಆಮೇಲೆ ಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಇನ್ನೂ ನಾಲ್ಕು ವರ್ಷ ಅವರು ನಮ್ಮ ವ್ಯಾನು ಓಡಿಸಿದರು. ಹುಳಿಗೆ ಬೆಲ್ಲ ಜಾಸ್ತಿಯಾಯಿತು ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ. ಡೀಸೆಲ್ ಹಾಕಿಸುವ ದಿನ ಅವರು ಬಂಕಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ದೂರ ನಿಂತು ಕಾಯುತ್ತಿದ್ದರು. ನಾನು ಕೈ ಒರೆಸಿಕೊಂಡು ನಡೆದುಹೋಗಿ, ಎಲ್ಲರ ಎದುರಿಗೆ, ನಾನೇ ಹಾಕಿಸಿದ ಬೀಗ ತೆಗೆಯುತ್ತಿದ್ದೆ.