ಬೀರಕ್ಕನ ಮುದ್ದೆ ಮತ್ತು ಹತ್ತನೇ ಕ್ಲಾಸು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಂಧ್ರದ ಕಲ್ಯಾಣದುರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಬೀರಕ್ಕ ದೊಡ್ಡ ಪಾತ್ರೆಯನ್ನು ಕವೆಗೋಲಿನಿಂದ ಅದುಮಿಟ್ಟು ರಾಗಿ ಮುದ್ದೆ ತಿರುವುತ್ತಿದ್ದಾರೆ. ಮುದ್ದೆಕೋಲು ಸುತ್ತಿದಂತೆಲ್ಲ ಬಾಯಲ್ಲಿ ಪಾಠ: ನದಿಗಳು, ಸಂವಿಧಾನ, ಯುದ್ಧಗಳು. ವಯಸ್ಸು ನಲವತ್ತಾರು, ಓಪನ್ ಸ್ಕೂಲಿನಲ್ಲಿ ಓದುತ್ತಿರುವುದು ಹತ್ತನೇ ಕ್ಲಾಸು!

ಮುದ್ದೆಯಲ್ಲಿ ಗಂಟು ಸಿಕ್ಕಿತೆಂದರೆ ಬೀರಕ್ಕನಿಗೆ ಯಾವುದೋ ಪಾಠ ತಲೆಗೆ ಹತ್ತಿಲ್ಲವೆಂದೇ ಅರ್ಥ. ಹಾಸ್ಟೆಲ್ಲಿಗೆಲ್ಲ ಇದು ಗೊತ್ತು. ಹತ್ತನೇ ಕ್ಲಾಸಿನ ಯಶೋದಾ ಗಂಟನ್ನು ತಟ್ಟೆಯಂಚಿಗೆ ಸರಿಸಿ ತೆಲುಗು ಬೆರೆಸಿ ರೇಗಿಸುತ್ತಾಳೆ: "ಏಂಟಕ್ಕಾ, ಇವತ್ತು ಮಹಾಯುದ್ಧನಾ?"

"ಸುಮ್ನೆ ನುಂಗೇ ತಾಯಿ! ಟೆನ್ಶನ್ನೆಲ್ಲ ಈ ಕೋಲಿಗೇ ಇಳಿಸ್ತೀನಿ ಕಣಮ್ಮ. ಇಲ್ದಿದ್ರೆ ತಲೆ ಸಿಡ್ದೋಯ್ತದೆ."

ಹುಟ್ಟೂರು ಸೆಟ್ಟೂರಿನ ಕಡೆ. ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಕುರಿಗಳ ಹಿಂದೆ ಅಲೆದಾಟ. ಗಂಡ ತೀರಿಕೊಂಡ ಮೇಲೆ ಈ ಅಡುಗೆಮನೆ. ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ದುಡಿಯುವ ಮಗಳು ಕೀರ್ತನಾ ದುಂಬಾಲು ಬಿದ್ದು ಅಮ್ಮನ ಹೆಸರು ಬರೆಸಿದಳು. ಹುಡುಗಿಯರ ಹಳೇ ಪುಸ್ತಕಗಳೇ ಗತಿಯಾದ್ದರಿಂದ ತೆಲುಗು ಮೀಡಿಯಂ.

ಎಡವಟ್ಟಾದದ್ದೂ ಅಲ್ಲೇ. ಹೋದ ವರ್ಷ ಸೋಷಿಯಲ್ ಪರೀಕ್ಷೆಯಲ್ಲಿ ಗಾಬರಿಬಿದ್ದ ಕೈ ಎರಡನೇ ಪುಟದಿಂದ ಕನ್ನಡಕ್ಕೆ ಹೊರಳಿಬಿಟ್ಟಿತು. ಮಾತು ತೆಲುಗಿನದು, ಅಕ್ಷರ ಮಾತ್ರ ಚಿಕ್ಕಂದಿನವು! ಬೆಲ್ ಹೊಡೆದಾಗಲೇ ಗೊತ್ತಾದದ್ದು. ಉಳಿದೆಲ್ಲ ಪಾಸು, ಸೋಷಿಯಲ್ ಫೇಲು.

"ಬಚ್ಚಲಲ್ಲಿ ಕುಂತ್ಕೊಂಡು ಅತ್ಬುಟ್ಟೆ. ನಗ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ," ಎನ್ನುತ್ತಾರೆ ಬೀರಕ್ಕ.

ನಾಳೆ ಮತ್ತೆ ಅದೇ ಸೋಷಿಯಲ್. ಈ ಸಲವೂ ಹೋದರೆ ಪುಸ್ತಕ ಮುಟ್ಟುವುದಿಲ್ಲವೆಂದು ಮಗಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಕೀರ್ತನಾ ಶಿಫ್ಟಿಗೆ ಹೊರಡುವ ಮುಂಚೆಯೇ ಫೋನು: "ಗಾಬರಿ ಆದ್ರೆ ಪೆನ್ನು ಕೆಳಗಿಡಮ್ಮ. ಉಸ್ರು ಎಳ್ಕೊ. ಬರ್ದಿದ್ದನ್ನ ಒಂದ್ಸಲ ನೋಡು, ಆಮೇಲೆ ಮುಂದಕ್ಕೋಗು."

"ಆಯ್ತು ಟೀಚರಮ್ಮ," ಎಂದು ಅಮ್ಮ ನಗುತ್ತಾರೆ. ಫೋನಿಟ್ಟು ಮತ್ತೆ ಕೋಲು ಹಿಡಿಯುತ್ತಾರೆ.

ಹತ್ತನೇ ಕ್ಲಾಸು ಪಾಸಾದವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿ ಕೇಸರಿಬಾತು ಬಡಿಸುವುದು ಈ ಹಾಸ್ಟೆಲ್ಲಿನ ಪದ್ಧತಿ. ಎಷ್ಟೋ ವರ್ಷಗಳಿಂದ ಬಡಿಸುತ್ತಾ ಬಂದಿರುವ ಕೈ ಬೀರಕ್ಕನದೇ. ನಿಮ್ಮ ಆಸೆಯೇನು ಎಂದು ಕೇಳಿದರೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ಕೇಸರಿಬಾತು ನಾನೇ ಮಾಡ್ತೀನಿ ಕಣಪ್ಪ, ಬೇರೆಯೋರು ಮಾಡಿದ್ರೆ ಸೀದೋಯ್ತದೆ. ಬಡ್ಸೋದು ಮಾತ್ರ ಯಾರಾನ ಬಡಿಸ್ಲಿ. ನಾನು ಆ ಯಶೋದಾ ಪಕ್ಕದಾಗೆ ತಟ್ಟೆ ಹಿಡ್ಕೊಂಡು ನಿಂತ್ಕೋಬೇಕು."