ಎರ್ಸಿಲಿಯ ಸಿಕ್ಕಿಬಿದ್ದದ್ದು

ನಮ್ಮ ವಾಲ್‌ಸೆಲ್ವ ಊರಿನಲ್ಲಿ ಗಡಿಯಾಚೆಯಿಂದ ಸುಂಕ ತಪ್ಪಿಸಿ ಕಾಫಿಬೀಜ ಕದ್ದುಮುಚ್ಚಿ ಹೊತ್ತು ತರದ ಮನೆಯೇ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅಗ್ಗ, ಇಟಲಿಯಲ್ಲಿ ದುಬಾರಿ, ನಡುವೆ ಒಂದು ಬೆಟ್ಟ, ಇನ್ನೇನು ಮಾಡುವುದು? ಸದ್ದಾಗದಂತೆ ಪಾದಕ್ಕೆ ಗೋಣಿತಾಟು ಸುತ್ತಿಕೊಂಡು ಹೋಗಿಬರುತ್ತಿದ್ದರು. ಎಲ್ಲರೂ ಒಂದಲ್ಲ ಒಂದು ಸಲ ಸಿಕ್ಕಿಬಿದ್ದವರೇ, ನಮ್ಮಪ್ಪನಂತೂ ಏಳು ಸಲ. ಎರ್ಸಿಲಿಯ ಮಾತ್ರ ಒಮ್ಮೆಯೂ ಸಿಗಲಿಲ್ಲ. ಇಗರ್ಜಿಯಲ್ಲಿ ಅವಳಿಗೆ ಮುಂದಿನ ಬೆಂಚು ಬಿಟ್ಟುಕೊಡುತ್ತಿದ್ದದ್ದು ಅವಳ ಭಕ್ತಿ ನೋಡಿ ಅಲ್ಲ.

ಗೆರಾರ್ದೊ ಸಮುದ್ರದ ಕಡೆಯಿಂದ ಬಂದ ಸುಂಕದ ಕಾವಲುಗಾರ. ಉಳಿದ ಕಾವಲುಗಾರರು ಜನರನ್ನು ಹಿಡಿದರು. ಇವನಿಗೆ ಇಡೀ ನೌಕರಿಯಲ್ಲಿ ಹಿಡಿದದ್ದು ನೆಗಡಿಯೊಂದೇ. ನಿವೃತ್ತನಾಗಿ ಇಲ್ಲೇ ಉಳಿದ. ಪ್ರತಿ ಭಾನುವಾರ ಕಾಫಿ ಬಾರಿನಲ್ಲಿ ಅವನಿಗೆ ಅದೇ ಪ್ರಶ್ನೆ: "ಇವತ್ತೇನ್ ಹಿಡ್ದೆ ಗೆರಾರ್ದೊ, ನೊಣಾನಾ?" ನಗುತ್ತಿದ್ದ, ಆದರೆ ಕಿವಿ ಕೆಂಪಾಗುತ್ತಿತ್ತು.

ಕಾಲ ಬದಲಾಯಿತು. ಸುಂಕದ ಕಟ್ಟೆ ಮುಚ್ಚಿತು, ಕಾಫಿ ನಮ್ಮಲ್ಲೇ ಅಗ್ಗವಾಯಿತು. ಎಪ್ಪತ್ತಾರರ ಎರ್ಸಿಲಿಯ ಅಂಗಡಿಯ ಕಾಫಿ ಕುಡಿದು ಮುಖ ಕಿವುಚಿದಳು. ಅದರಲ್ಲಿ ಭಯವೇ ಇಲ್ಲವಂತೆ! ನೇರ ಗೆರಾರ್ದೊನ ಮನೆಗೆ ಹೋದಳು.

"ನಾಳೆ ಬೆಳಿಗ್ಗೆ ಕಾಫಿ ಹೊತ್ತು ತರ್ತೀನಿ. ಟೋಪಿ ಹಾಕ್ಕೊಂಡು ಬಂದು ನನ್ನ ಅಟ್ಟಿಸ್ಕೊಂಡು ಬಾ."

"ನನಗೆ ಮಂಡಿನೋವು ಕಣೇ."

"ನನ್ ಮಂಡಿ ಏನು ಹೊಸದಾ?"

ಮರುದಿನ ಅವಳು ಗಡಿಕಲ್ಲಿನ ಹತ್ತಿರ ಬಂದಾಗ ಗೆರಾರ್ದೊ ಮರಕ್ಕೊರಗಿ ಗೊರಕೆ ಹೊಡೆಯುತ್ತಿದ್ದ. ಅಭ್ಯಾಸಬಲದಿಂದ ಅವಳು ಗೋಣಿತಾಟು ಸುತ್ತಿಕೊಂಡೇ ಬಂದಿದ್ದಳು, ಸದ್ದಾಗುವುದೆಲ್ಲಿಂದ? ಕೆಮ್ಮಿದಳು. ಹಾಡಿದಳು. ಕೊನೆಗೆ ಪೈನ್ ಕಾಯಿ ಎಸೆದಳು. ಅವನು ದಡಬಡಿಸಿ ಎದ್ದು ಓಡಿದ, ಸ್ವಿಟ್ಜರ್ಲೆಂಡಿನ ಕಡೆಗೆ.

"ಈ ಕಡೆ, ಬೆಪ್ಪೇ!" ಎಂದು ಕೂಗುವಷ್ಟರಲ್ಲಿ ಅವಳ ಕಾಲು ಜಾರಿತು. ತಿರುಗಿ ಓಡಿಬಂದವನ ಕೈಗೆ ಅವಳ ಬೆನ್ನಿನ ಮೂಟೆ ಸಿಕ್ಕಿತು.

ಅವಳು ಬೀಳಲಿಲ್ಲ, ಅವನು ಮೂಟೆ ಬಿಡಲಿಲ್ಲ.

"ಈಗೇನ್ ಮಾಡ್ಬೇಕು?" ಎಂದ. ಹಿಡಿದ ಮೇಲಿನ ಕೆಲಸ ಪಾಪ, ಅವನಿಗೆಲ್ಲಿ ಗೊತ್ತು?

"ಬಿಡ್ಬೇಕು."

"ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ, ಎರ್ಸಿಲಿಯ."

"ಊರಲ್ಲಿ ಬಾಯಿ ಬಿಟ್ಟರೆ ನೋಡು!"

ಭಾನುವಾರ ಬಾರಿನಲ್ಲಿ ಬಾಯಿ ಬಿಟ್ಟೇಬಿಟ್ಟ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಎರ್ಸಿಲಿಯನ್ನ? ನೀನು? ಕನಸು ಬಿತ್ತೇನೋ?" ಎಂದೆ. ಗೆರಾರ್ದೊ ಈ ಸಲ ನಗಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಎಲ್ಲರೂ ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದ ಎರ್ಸಿಲಿಯಳ ಕಡೆ ತಿರುಗಿದೆವು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳ ಹೆಸರು ಉಳಿಯುತ್ತಿತ್ತು.

ಎರ್ಸಿಲಿಯ ಕಪ್ಪನ್ನು ಕೆಳಗಿಟ್ಟಳು.

"ಹೌದು, ಹಿಡ್ದ. ತೋಳದ ಹಾಗೆ ಬಂದು ಹಿಡ್ದ. ನಿಮ್ಮಲ್ಲಿ ಯಾರ್ ಕೈಲಾದ್ರೂ ಆಗ್ತಿತ್ತಾ?"

ಗೆರಾರ್ದೊ ಸಕ್ಕರೆ ಹಾಕಿಕೊಳ್ಳುವುದನ್ನೂ ಮರೆತು ಕಾಫಿ ಕುಡಿದುಬಿಟ್ಟ.