ಹೊಸ್ತಿಲ ಪರ ನಿಂತವಳು

ಮೊನ್ನೆ ಮೊಮ್ಮಗಳು ಓಡುತ್ತ ಬಂದು ಕುರ್ಚಿಯ ಕಾಲಿಗೆ ಎಡವಿ ಬಿದ್ದಳು. ಸೊಸೆ ಬಂದವಳೇ ಕುರ್ಚಿಗೆ ಎರಡು ಏಟು ಕೊಟ್ಟಳು. "ನಮ್ಮ ಕೂಸಿಗೆ ಬಡೀತಿಯೇನು? ತಗೋ!" ಕೂಸು ಅಳು ನಿಲ್ಲಿಸಿತು. ನ್ಯಾಯ ಸಿಕ್ಕಿತಲ್ಲ! ನೀವೂ ಇಂಥ ಎಷ್ಟೋ ಕುರ್ಚಿಗಳಿಗೆ ಬುದ್ಧಿ ಕಲಿಸಿರುತ್ತೀರಿ. ನನಗೆ ಮಾತ್ರ ಶಾಂತಕ್ಕ ನೆನಪಾದಳು.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಫಿಟ್ಟರ್. ಧಾರವಾಡದ ಕಡೆಯಿಂದ ಬಂದ ನಮಗೆ ಎರಡು ಕೋಣೆಯ ಮನೆ, ಅದಕ್ಕೊಂದು ಎತ್ತರದ ಹೊಸ್ತಿಲು. ನಾನು ದಿನಕ್ಕೊಮ್ಮೆಯಾದರೂ ಅದಕ್ಕೆ ಎಡವುತ್ತಿದ್ದೆ, ಅವ್ವ ಅದಕ್ಕೆ ಹೊಡೆಯುತ್ತಿದ್ದಳು. ಆಗ ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ, ಶಾಂತಕ್ಕ, ಓಡಿಬಂದು ಹೊಸ್ತಿಲಿಗೆ ಅಡ್ಡ ಕೂಡುತ್ತಿದ್ದಳು.

"ಅದು ಎಲ್ಲೂ ಹೋಗಿಲ್ಲ, ಅಲ್ಲೇ ಐತಿ. ಇಕಿನ ಬಂದು ಬಡದಾಳ."

ಅವ್ವ ನನ್ನ ಮೊಣಕಾಲು ಊದಿ ಒಲೆಯ ಕಡೆ ಹೋಗುತ್ತಿದ್ದಳು.

ಅಕ್ಕ ಯಾರ ಮುಖವನ್ನೂ ನೋಡಿ ಮಾತಾಡಿದವಳಲ್ಲ. ಆದರೆ ತಂಬಿಗೆಯನ್ನು ಕುಕ್ಕಿದರೆ ಅದನ್ನೆತ್ತಿಕೊಂಡು ಸವರುವಳು. ಹಿಡಿ ಮುರಿದ ಸವುಟನ್ನು, ಹೊರಗೆ ಅದು ಒಂಟಿಯಾಗುತ್ತದೆಂದು, ಎಸೆಯಗೊಡಳು. ಈಗ ಇದಕ್ಕೆ ಆಟಿಸಂ ಎಂಬ ಹೆಸರಿದೆ. ಇಂಥವರಲ್ಲಿ ಕೆಲವರಿಗೆ ವಸ್ತುಗಳಿಗೂ ಮನಸ್ಸಿದೆ ಅನ್ನಿಸುತ್ತದಂತೆ, ಮಗ ಓದಿ ಹೇಳಿದ. ಇರಬಹುದು. ನಮ್ಮ ಓಣಿಯಲ್ಲಿ ಆಗ ಇದ್ದ ಹೆಸರು ಒಂದೇ, ಹುಚ್ಚಿ. ಶುಕ್ರವಾರ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಶನಿವಾರ ಅದನ್ನೇ ಬಡಿಯುವ ನಾವೆಲ್ಲ ಶಾಣ್ಯಾರು.

ಒಮ್ಮೆ ಪಾಳಾ ಎಂಬ ಹಳ್ಳಿಯಿಂದ ಸೋದರತ್ತೆ ಬಂದಳು. "ನಮ್ಮೂರಾಗ ಅಂತ್ರಾ-ತಾಯತಾ ಕಟ್ಟವ್ರು ಅದಾರ. ಇಕಿನ್ನ ನನ್ನ ಕೂಡ ಕಳಸು" ಎಂದು ಅಪ್ಪನಿಗೆ ಗಂಟುಬಿದ್ದಳು. ಅಪ್ಪ ಒಪ್ಪಲಿಲ್ಲ. "ಯಾರಿಗೇನ ತ್ರಾಸ ಕೊಟ್ಟಾಳ? ಇರ್ಲಿ ಬಿಡಕ್ಕಾ."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಎಂಟು ವರ್ಷದ ನನಗೆ ಅತ್ತೆಯೆದುರು ಅಕ್ಕನ ತಮಾಷೆ ತೋರಿಸುವ ಹುಕಿ ಬಂತು. ಎಡವದೆಯೇ ಎಡವಿದಂತೆ ಬಿದ್ದೆ. ಎದ್ದು ಲಟ್ಟಣಿಗೆ ತಂದು ಹೊಸ್ತಿಲನ್ನು ಬಾರಿಸಿದೆ. ಅಕ್ಕ ಚೀರಿದಳು. ಹಿಡಿಯಲು ಬಂದ ಅತ್ತೆಯನ್ನು ದೂಡಿದಳು. ಅತ್ತೆಯ ಹಣೆ ಬಾಗಿಲಿಗೆ ಬಡಿದು ರಕ್ತ ಬಂತು. ಮರುದಿನ ಅಪ್ಪ ಅತ್ತೆ, ಅಕ್ಕ ಇಬ್ಬರನ್ನೂ ಹಳಿಯಾಳದ ಬಸ್ಸಿಗೆ ಹತ್ತಿಸಲು ಹೊರಟ. ನಾನು ಬೇಕೆಂದೇ ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ.

ಹೊರಡುವಾಗ ಅಕ್ಕ ಕುಳಿತು ಹೊಸ್ತಿಲನ್ನು ಅಂಗೈಯಿಂದ ಒರೆಸಿದಳು. ನನ್ನ ಕಡೆ ನೋಡದೆಯೇ ಹೇಳಿದಳು.

"ಹೊಡೀಬ್ಯಾಡ. ಇನ್ನ ಮ್ಯಾಲೆ ನಾ ಇರೂದಿಲ್ಲ."

ಅಕ್ಕ ತಿರುಗಿ ಬರಲಿಲ್ಲ. ಪಾಳಾದಲ್ಲೇ ಇದ್ದಳು, ಅಲ್ಲೇ ತೀರಿಕೊಂಡಳು. ಅಂತ್ರ ಏನನ್ನೂ ಬದಲಿಸಲಿಲ್ಲ. ಕೊನೆಕೊನೆಗೆ ಅತ್ತೆಯೇ ಕೊಡವನ್ನು ಮೆಲ್ಲಗೆ ಇಳಿಸುವುದನ್ನು ಕಲಿತಳು. ನೋಡಲು ಹೋದಾಗಲೆಲ್ಲ ನಾನು ಅಕ್ಕನಿಗೆ ಆ ನಿಜ ಹೇಳಬೇಕೆಂದುಕೊಂಡು ಹೋಗುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ.

ಮೊನ್ನೆ ಸೊಸೆ ಕೂಸನ್ನೆತ್ತಿಕೊಂಡು ಒಳಗೆ ಹೋದಮೇಲೆ, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಳಿತೆ. ಈ ವಯಸ್ಸಿನಲ್ಲಿ ಅದೇನು ಸಣ್ಣ ಕೆಲಸವಲ್ಲ. ಕುರ್ಚಿಯ ಕಾಲನ್ನು ಸವರಿ, "ತಪ್ಪಾತು. ನಾ ಬೇಕಂತನ ಬಿದ್ದಿದ್ದೆ" ಎಂದೆ.

ಕೇಳಬೇಕಾದವಳು ಇರಲಿಲ್ಲ. ಕುರ್ಚಿ ಕೇಳಿಸಿಕೊಂಡಿತು.